ಕಿಟ್ಟೋ, ಹೊಸದೋ: ಗದಗಿನ ಒಂದು ಬುಲೆಟ್ಟಿನ ಕಾರ್ಬುರೇಟರ್ ಪ್ರಕರಣ

ಗಾಡಿ ಮತ್ತು ದೂರು

ಹಿಂಗಾರಿ ಬಿತ್ತನೆ ಮುಗಿಯುತ್ತ ಬಂದಿದ್ದ ದಿನಗಳಲ್ಲಿ, ಡಂಬಳದ ಕಡೆಯ ರೈತರೊಬ್ಬರು ತಮ್ಮ 2002ರ ಮಾದರಿಯ ಬುಲೆಟ್ 350 ಗಾಡಿಯನ್ನು ಗದಗಿನ ಮುಳಗುಂದ ನಾಕಾದ ಹತ್ತಿರವಿರುವ ನನ್ನ ಗ್ಯಾರೇಜಿಗೆ ತಂದರು. ನಾಕಾದ ಸಿಗ್ನಲ್ಲಿನಲ್ಲಿ ನಿಂತಾಗ ಬಂದ್ ಬಿದ್ದ ಗಾಡಿ ಮತ್ತೆ ಚಾಲೂ ಆಗದ ಕಾರಣ, ಅಲ್ಲಿಂದ ತಳ್ಳಿಕೊಂಡೇ ಬಂದಿದ್ದರು. ಊರಿನವರೆಲ್ಲ ಅವರನ್ನು ಗೌಡ್ರು ಎಂದೇ ಕರೆಯುತ್ತಾರೆ, ನಾನೂ ಹಾಗೆಯೇ ಕರೆಯುತ್ತೇನೆ. ಬೆಳಿಗ್ಗೆ ಹೊಲಕ್ಕೆ ಹೋಗುವುದು, ವಾರಕ್ಕೆ ಎರಡು ಸಲ ಗದಗಿನ ಎಪಿಎಂಸಿಗೆ ಬರುವುದು, ಇವೆಲ್ಲವೂ ಈ ಗಾಡಿಯ ಮೇಲೆಯೇ ನಡೆಯುತ್ತವೆ.

ಅವರ ಮಾತು ಸ್ಪಷ್ಟವಾಗಿತ್ತು. "ವರ್ಷದಾಗ ಎರಡ ಸಲ ಕಿಟ್ ಹಾಕ್ಸೇನ್ರಿ ಮಿಸ್ತ್ರಿ. ಸ್ವಲ್ಪ ದಿನ ಛಲೋ ಇರತೇತಿ, ಮತ್ತ ಅದ ಹಾಡು. ಈ ಸಲ ಹೊಸಾ ಕಾರ್ಬುರೇಟರ ಹಾಕಿಬಿಡ್ರಿ, ರೊಕ್ಕ ಹೋದ್ರ ಹೋಗ್ಲಿ." ಕಾರ್ಬುರೇಟರ್ ಎಂದರೆ ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸಿ ಇಂಜಿನ್ನಿಗೆ ಕೊಡುವ ಭಾಗ, ಕಿಟ್ ಎಂದರೆ ಅದರಲ್ಲಿ ಸವೆಯುವ ಸಣ್ಣ ಬಿಡಿಭಾಗಗಳ ಪೊಟ್ಟಣ.

"ಹಾಕೂಣ್ರಿ ಗೌಡ್ರ. ಆದ್ರ ಹಳೇದಕ್ಕ ಏನಾಗೇತಿ ಅನ್ನೂದು ತಿಳಕೊಳ್ಳದ ಹೊಸಾದು ಹಾಕಿದ್ರ, ಅದಕ್ಕೂ ಇದ ಗತಿ ಬರತೇತಿ. ಎರಡ ದಿನ ಬಿಟ್ಟ ಹೋಗ್ರಿ," ಎಂದೆ.

ದೂರುಗಳು ನಾಲ್ಕು ಇದ್ದವು. ಇಂಜಿನ್ ಕಾದ ಮೇಲೆ ಐಡ್ಲಿಂಗ್, ಅಂದರೆ ಎಕ್ಸಿಲೇಟರ್ ಬಿಟ್ಟಾಗಿನ ನಿಧಾನ ಓಟ, ಒಂದೇ ಮಟ್ಟದಲ್ಲಿ ನಿಲ್ಲುತ್ತಿರಲಿಲ್ಲ. ಒಮ್ಮೆ ತಾನೇ ಏರಿ ಭರ್ರೆಂದು ಓಡಿದರೆ, ಇನ್ನೊಮ್ಮೆ ಎಕ್ಸಿಲೇಟರ್ ಬಿಟ್ಟ ಕೂಡಲೇ ಉಸಿರು ಕಟ್ಟಿದಂತೆ ನಿಂತುಬಿಡುತ್ತಿತ್ತು. ಪೆಟ್ರೋಲ್ ಕಾಕ್ ಬಂದ್ ಮಾಡದೆ ನಿಲ್ಲಿಸಿದರೆ ಬೆಳಗಾಗುವಷ್ಟರಲ್ಲಿ ಓವರ್‌ಫ್ಲೋ ಪೈಪಿನ ಕೆಳಗೆ ನೆಲ ತೊಯ್ದಿರುತ್ತಿತ್ತು. ಮೊದಲು ಲೀಟರಿಗೆ 35 ಕಿಲೋಮೀಟರ್ ಕೊಡುತ್ತಿದ್ದ ಗಾಡಿ ಈಗ 24ರ ಆಸುಪಾಸಿಗೆ ಇಳಿದಿತ್ತು. ಪ್ಲಗ್ ಬಿಚ್ಚಿದರೆ ಒಲೆಯ ಮಸಿಯಂತೆ ಕಪ್ಪಗಿತ್ತು.

ಈ ನಾಲ್ಕನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಒಂದು ಮಾತು ಹೊಂದುತ್ತಿರಲಿಲ್ಲ. ಕಪ್ಪು ಪ್ಲಗ್, ಕಡಿಮೆಯಾದ ಮೈಲೇಜ್ ಮತ್ತು ಸೋರುವ ಪೆಟ್ರೋಲ್ ಹೇಳುವುದು ಇಂಜಿನ್ನಿಗೆ ಪೆಟ್ರೋಲ್ ಹೆಚ್ಚಾಗಿ ಹೋಗುತ್ತಿದೆ ಎಂದು. ತಾನೇ ಏರುವ ಐಡ್ಲಿಂಗ್ ಹೇಳುವುದು ಎಲ್ಲಿಂದಲೋ ಬೇಡದ ಗಾಳಿ ಒಳಗೆ ನುಗ್ಗುತ್ತಿದೆ ಎಂದು. ಒಂದೇ ಕಾರ್ಬುರೇಟರಿನಲ್ಲಿ ಪೆಟ್ರೋಲೂ ಹೆಚ್ಚು, ಗಾಳಿಯೂ ಹೆಚ್ಚು ಎಂದರೆ ಅಲ್ಲಿ ಒಂದಕ್ಕಿಂತ ಹೆಚ್ಚು ದೋಷಗಳಿರಬೇಕು, ಇಲ್ಲವೇ ಒಂದು ದೋಷ ಇನ್ನೊಂದನ್ನು ಹುಟ್ಟಿಸುತ್ತಿರಬೇಕು. ಹಿಂದೆ ಕೆಲಸ ಮಾಡಿದವರು ಐಡ್ಲಿಂಗಿನ ಗಾಳಿಯನ್ನು ಹೊಂದಿಸುವ ಏರ್ ಸ್ಕ್ರೂವನ್ನು ಪೂರ್ತಿ ಒಳಗೆ ಬಿಗಿದುಬಿಟ್ಟಿದ್ದರು. ಆ ಸ್ಕ್ರೂ ಒಳಗೆ ಹೋದಷ್ಟೂ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಹೆಚ್ಚುತ್ತದೆ. ಕಳ್ಳಗಾಳಿಯಿಂದ ತಪ್ಪಿದ ಐಡ್ಲಿಂಗನ್ನು ಹೆಚ್ಚು ಪೆಟ್ರೋಲ್ ಕೊಟ್ಟು ಹಿಡಿದು ನಿಲ್ಲಿಸುವ ಪ್ರಯತ್ನ ಅದು. ನಾಲ್ಕು ದಿನ ನಡೆಯುತ್ತದೆ, ಆಮೇಲೆ ಪ್ಲಗ್ ಮಸಿ ಹಿಡಿಯುತ್ತದೆ.

ಕಾರ್ಬುರೇಟರಿಗೆ ಕೈ ಹಚ್ಚುವ ಮುನ್ನ

ಬುಲೆಟ್ಟಿನಲ್ಲಿ ಕಾರ್ಬುರೇಟರಿನ ಮೇಲೆ ಬರುವ ದೂರುಗಳಲ್ಲಿ ಎಷ್ಟೋ ದೂರುಗಳು ಬೇರೆ ಕಡೆಯವು. ಪ್ಲಗ್ಗಿನ ಕಿಡಿಯ ಹೊತ್ತನ್ನು ನಿರ್ಧರಿಸುವ ಪಾಯಿಂಟಿನ ಗ್ಯಾಪ್ 0.35 ರಿಂದ 0.40 ಮಿಲಿಮೀಟರ್ ಇರಬೇಕು. ಇಲ್ಲಿ ಸರಿಯಾಗಿತ್ತು, ಮುಖವೂ ಸುಟ್ಟಿರಲಿಲ್ಲ. ತಣ್ಣಗಿರುವಾಗ ಟ್ಯಾಪೆಟ್ ಕವರ್ ತೆಗೆದು ವಾಲ್ವುಗಳನ್ನು ಆಡಿಸುವ ಪುಶ್‌ರಾಡ್‌ಗಳನ್ನು ಬೆರಳಿನಿಂದ ತಿರುಗಿಸಿ ನೋಡಿದೆ: ಸಲೀಸಾಗಿ ತಿರುಗುತ್ತಿದ್ದವು, ಮೇಲೆ ಕೆಳಗೆ ಆಡುತ್ತಿರಲಿಲ್ಲ. ಕಿಕ್ಕಿನ ಕೆಳಗೆ ಕಂಪ್ರೆಷನ್ ಗಟ್ಟಿಯಾಗಿತ್ತು. ಕಾಕಿನಿಂದ ಬಾಟಲಿಗೆ ಪೆಟ್ರೋಲ್ ಬಿಟ್ಟಾಗ ಧಾರೆ ತುಂಡಾಗದೆ ಬಂದಿತು, ಆದರೆ ಬಾಟಲಿಯ ತಳದಲ್ಲಿ ಜೀರಿಗೆ ಪುಡಿಯಂಥ ತುಕ್ಕಿನ ಕಣಗಳು ಕುಳಿತವು. ಕಾಕಿನ ಜಾಳಿಗೆ ಹರಿದಿತ್ತು.

ಅನಂತರ ಇಂಜಿನ್ ಕಾಯಿಸಿ, ಕಾರ್ಬುರೇಟರ್ ಮತ್ತು ಹೆಡ್ ಕೂಡುವ ಜಾಗಕ್ಕೆ ಸಾಬೂನು ನೀರನ್ನು ಸಣ್ಣಗೆ ಸಿಂಪಡಿಸಿದೆ. ಕೆಲವರು ಈ ಪರೀಕ್ಷೆಯನ್ನು ಪೆಟ್ರೋಲಿನಿಂದ ಮಾಡುತ್ತಾರೆ. ಕಾದ ಇಂಜಿನ್ನಿನ ಮೇಲೆ ಅದನ್ನು ಯಾರೂ ಮಾಡಬಾರದು. ನೀರು ಬಿದ್ದ ಕ್ಷಣಕ್ಕೆ ಏರಿದ್ದ ಐಡ್ಲಿಂಗ್ ಇಳಿಯಿತು, ನೀರು ಆರಿದ ಮೇಲೆ ಮತ್ತೆ ಏರಿತು. ಫ್ಲಾಂಜಿನ ಕಡೆ, ಅಂದರೆ ಕಾರ್ಬುರೇಟರನ್ನು ಹೆಡ್ಡಿಗೆ ಬಿಗಿಯುವ ಚಪ್ಪಟೆ ಅಂಚಿನ ಕಡೆ, ಗಾಳಿ ಸೇರುತ್ತಿರುವುದಂತೂ ಖಚಿತವಾಯಿತು. ಆದರೆ ಐಡ್ಲಿಂಗ್ ಇಳಿದದ್ದು ಅರ್ಧದಷ್ಟು ಮಾತ್ರ. ಉಳಿದ ಅರ್ಧ ಗಾಳಿಗೆ ಬೇರೆ ದಾರಿ ಇರಬೇಕಿತ್ತು.

ಏರ್ ಫಿಲ್ಟರಿನ ಡಬ್ಬಿ ತೆರೆದಾಗ ನನಗೆ ನಿಜಕ್ಕೂ ಬೇಸರವಾಯಿತು. ಒಳಗೆ ಧೂಳು ಸೋಸುವ ಎಲಿಮೆಂಟ್ ಇರಲೇ ಇಲ್ಲ. ಗಾಡಿ ಉಸಿರಾಡಲಿ, ಪಿಕಪ್ ಬರಲಿ ಎಂದು ಯಾರೋ ತೆಗೆದುಹಾಕಿದ್ದರು, ಗೌಡರಿಗೆ ಅದು ಗೊತ್ತೇ ಇರಲಿಲ್ಲ. ಡಬ್ಬಿಯಿಂದ ಕಾರ್ಬುರೇಟರಿಗೆ ಹೋಗುವ ರಬ್ಬರ್ ಹೋಸ್ ಸೀಳಿತ್ತು. ಕಪ್ಪತಗುಡ್ಡದ ಕೆಳಗಿನ ಎರಿ ಭೂಮಿಯ ದಾರಿಗಳಲ್ಲಿ ಬೇಸಿಗೆಯಲ್ಲಿ ಒಂದು ಟ್ರ್ಯಾಕ್ಟರ್ ಮುಂದೆ ಹೋದರೆ ಹಿಂದಿನವರಿಗೆ ದಾರಿಯೇ ಕಾಣದಷ್ಟು ಧೂಳು ಏಳುತ್ತದೆ. ಆ ಧೂಳನ್ನೆಲ್ಲ ಈ ಗಾಡಿ ವರ್ಷಗಟ್ಟಲೆ ಸೋಸದೆ ನುಂಗಿತ್ತು.

ಬಿಚ್ಚಿದಾಗ ಕಂಡದ್ದು

ಈ ಗಾಡಿಯ ಕಾರ್ಬುರೇಟರ್ ಮಿಕ್‌ಕಾರ್ಬ್ ವಿಎಂ24. ಜಪಾನಿನ ಮಿಕುನಿಯ ತಾಂತ್ರಿಕ ಸಹಯೋಗದಲ್ಲಿ ಚೆನ್ನೈಯ ಯುಕಾಲ್ ಸಂಸ್ಥೆ ತಯಾರಿಸಿದ್ದು. ರಚನೆ ಬಹಳ ಸರಳ. ನಡುವೆ ಒಂದು ಗಾಳಿದಾರಿ, ಅದನ್ನು ಮೇಲಿನಿಂದ ಮುಚ್ಚಿ ತೆರೆಯುವ ಉರುಟಾದ ಸ್ಲೈಡ್, ಸ್ಲೈಡಿಗೆ ತೂಗುಬಿದ್ದ ಚೂಪಾದ ನೀಡಲ್, ಆ ನೀಡಲ್ ಇಳಿದು ಏರುವ, ಪೆಟ್ರೋಲ್ ಬರುವ ಸಣ್ಣ ರಂಧ್ರದ ನೀಡಲ್ ಜೆಟ್, ಅದರ ಕೆಳಗೆ ಮೇನ್ ಜೆಟ್, ಪಕ್ಕದಲ್ಲಿ ಪೈಲಟ್ ಜೆಟ್, ಎಲ್ಲಕ್ಕೂ ಕೆಳಗೆ ಫ್ಲೋಟ್ ಇರುವ ಬಟ್ಟಲು. ಎಕ್ಸಿಲೇಟರ್ ಬಿಟ್ಟಿದ್ದಾಗ ಪೈಲಟ್ ಜೆಟ್ಟು, ಕಾಲು ಭಾಗದಿಂದ ಮುಕ್ಕಾಲು ಭಾಗದವರೆಗೆ ತಿರುವಿದಾಗ ನೀಡಲ್ ಮತ್ತು ಅದರ ಜೆಟ್ಟು, ಪೂರ್ತಿ ತಿರುವಿದಾಗ ಮೇನ್ ಜೆಟ್ಟು, ಹೀಗೆ ಒಂದೊಂದು ಹಂತಕ್ಕೆ ಒಂದೊಂದು ಮುಖ್ಯವಾಗುತ್ತದೆ. ಊರಿನ ದಾರಿಯಲ್ಲಿ ಓಡುವ ಬುಲೆಟ್ಟು ತನ್ನ ಆಯುಷ್ಯದ ಬಹುಪಾಲನ್ನು ನೀಡಲಿನ ಮೇಲೆಯೇ ಕಳೆಯುತ್ತದೆ.

ಬಟ್ಟಲು ಬಿಚ್ಚಿದಾಗ ತಳದಲ್ಲಿ ತುಕ್ಕಿನ ಕೆಸರು, ಮೂಲೆಗಳಲ್ಲಿ ಬಿಳಿಯ ಪುಡಿ, ಹಿತ್ತಾಳೆಯ ಜೆಟ್ಟುಗಳ ಬುಡದಲ್ಲಿ ತೆಳು ಹಸಿರು ಇತ್ತು. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೂ ಎಥನಾಲ್ ಇರುವುದರಿಂದ ಮಳೆಗಾಲದಲ್ಲಿ ಅರ್ಧ ಟಾಂಕಿಯಲ್ಲಿ ನಿಂತ ಗಾಡಿಗಳಲ್ಲಿ ಈ ಬಿಳಿ ಪುಡಿ ಮೊದಲಿಗಿಂತ ಹೆಚ್ಚಾಗಿ ಕಾಣುತ್ತಿದೆ. ಫ್ಲಾಂಜಿನ ಓ-ರಿಂಗ್ ಎಂಬ ರಬ್ಬರ್ ಉಂಗುರ ಉಬ್ಬಿ, ತಾನು ಕೂಡುವ ತೋಡಿನಿಂದ ಹೊರಗೆ ಬಂದಿತ್ತು. ಬಟ್ಟಲಿಗೆ ಪೆಟ್ರೋಲ್ ಬರುವ ದಾರಿಯನ್ನು ಮುಚ್ಚುವ ಫ್ಲೋಟ್ ಪಿನ್ನಿನ ತುದಿಯಲ್ಲಿ ಸುತ್ತಲೂ ಬಳೆಯಂತೆ ಒಂದು ಗೀರು ಬಿದ್ದಿತ್ತು. ರಾತ್ರಿಯಿಡೀ ಸೋರುತ್ತಿದ್ದ ಪೆಟ್ರೋಲಿಗೆ ಆ ಗೀರೂ ಅದರಲ್ಲಿ ಸಿಕ್ಕಿದ್ದ ತುಕ್ಕಿನ ಕಣವೂ ಕಾರಣ. ಇವೆಲ್ಲ ಕಿಟ್ಟಿನಲ್ಲಿ ಬರುವ ವಸ್ತುಗಳು.

ಫ್ಲಾಂಜಿನ ಮೇಲೆ ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು ಬೆಳಕಿಗೆ ಹಿಡಿದೆ. ಎರಡು ನಟ್ಟುಗಳ ಕಡೆ ಮಾತ್ರ ಸ್ಕೇಲ್ ತಾಗುತ್ತಿತ್ತು, ನಡುವೆ ತಾಗುತ್ತಿರಲಿಲ್ಲ. ಸೋರಿಕೆ ನಿಲ್ಲಲಿ ಎಂದು ಬಿಗಿದಷ್ಟೂ ಎರಡೂ ಕಿವಿಗಳು ಇಂಜಿನ್ನಿನ ಕಡೆಗೆ ಬಾಗುತ್ತವೆ, ಬಾಗಿದಷ್ಟೂ ಸೋರಿಕೆ ಹೆಚ್ಚುತ್ತದೆ. ಇದಕ್ಕೂ ಮದ್ದಿದೆ. ದಪ್ಪ ಗಾಜಿನ ಮೇಲೆ 400 ನಂಬರಿನ ಎಮರಿ ಕಾಗದ ಹಾಸಿ, ಎರಡು ಹನಿ ಎಣ್ಣೆ ಬಿಟ್ಟು, ಫ್ಲಾಂಜನ್ನು ಎಂಟರ ಆಕಾರದಲ್ಲಿ ನಿಧಾನವಾಗಿ ತಿಕ್ಕಿದರೆ ಅರ್ಧ ಗಂಟೆಯಲ್ಲಿ ಮಟ್ಟಕ್ಕೆ ಬರುತ್ತದೆ. ಇಲ್ಲಿಯವರೆಗೆ ಕಂಡ ಯಾವ ದೋಷವೂ ಕಾರ್ಬುರೇಟರನ್ನು ಎಸೆಯಲು ಕಾರಣವಾಗುವಂಥದ್ದಲ್ಲ, ಮತ್ತು ಆ ಹೊತ್ತಿಗೆ ನನ್ನ ಮನಸ್ಸು ರಿಪೇರಿಯ ಕಡೆಗೇ ವಾಲಿತ್ತು.

ಆ ಮನಸ್ಸನ್ನು ತಿರುಗಿಸಿದ್ದು ನೀಡಲ್ ಜೆಟ್. ಅದನ್ನು ಹೊರಗೆ ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ವಾಚ್ ರಿಪೇರಿಯವರ ಕಣ್ಣುಗಾಜಿನಲ್ಲಿ ನೋಡಿದೆ. ಗುಂಡಗಿರಬೇಕಾದ ರಂಧ್ರ ಹುಣಸೆ ಬೀಜದಂತೆ ಒಂದು ಕಡೆಗೆ ಎಳೆದುಕೊಂಡಿತ್ತು. ನೀಡಲಿನ ಒಂದು ಮಗ್ಗುಲು ಕನ್ನಡಿಯಂತೆ ಹೊಳೆಯುತ್ತಿತ್ತು, ಇನ್ನೊಂದು ಮಗ್ಗುಲಿನ ಬಣ್ಣ ಹಾಗೆಯೇ ಇತ್ತು. ರಂಧ್ರ ಹಿಗ್ಗಿದ್ದರಿಂದ ನೀಡಲಿನ ಸುತ್ತ ಹೆಚ್ಚು ಪೆಟ್ರೋಲ್ ಏರಿ ಬರುತ್ತಿತ್ತು. ಕಪ್ಪು ಪ್ಲಗ್ಗಿಗೂ ಮೈಲೇಜಿಗೂ ಅದೇ ಉತ್ತರ.

ಆದರೆ ಗೌಡರು ಎರಡನೆಯ ಕಿಟ್ಟು ಹಾಕಿಸಿದ್ದು ಎಂಟು ತಿಂಗಳ ಹಿಂದೆ, ಮತ್ತು ಆ ಬಿಲ್ಲಿನಲ್ಲಿ ನೀಡಲ್ ಹಾಗೂ ಜೆಟ್ ಎರಡೂ ಬದಲಾಗಿದ್ದವು. ಸಾಮಾನ್ಯ ಗಾಡಿಯಲ್ಲಿ ನೀಡಲ್ ಜೆಟ್ಟು ವರ್ಷಗಟ್ಟಲೆ ಬಾಳುತ್ತದೆ. ಎಂಟು ತಿಂಗಳಲ್ಲಿ ಅದು ಒಂದೇ ಕಡೆಗೆ ಸವೆಯಬೇಕಾದರೆ, ನೀಡಲ್ ಅದರೊಳಗೆ ನೆಟ್ಟಗೆ ಇಳಿಯದೆ, ಒಂದು ಮಗ್ಗುಲಿಗೆ ವಾಲಿಕೊಂಡು, ಇಂಜಿನ್ನಿನ ಪ್ರತಿ ಹೊಡೆತಕ್ಕೂ ನಡುಗುತ್ತ ಉಜ್ಜುತ್ತಿರಬೇಕು. ನೀಡಲನ್ನು ಹಿಡಿದಿರುವುದು ಸ್ಲೈಡ್. ಹಾಗಾದರೆ ಸ್ಲೈಡೇ ನಡುಗುತ್ತಿದೆ.

ಸ್ಲೈಡನ್ನು ಬಾಡಿಯೊಳಗೆ ಇಳಿಸಿ ಬೆರಳಿನಿಂದ ಇಂಜಿನ್ನಿನ ಕಡೆಗೂ ಫಿಲ್ಟರಿನ ಕಡೆಗೂ ಆಡಿಸಿದರೆ ಟಕ್ ಟಕ್ ಎಂದು ಸದ್ದಾಯಿತು. ಸ್ಲೈಡಿನ ಇಂಜಿನ್ ಕಡೆಯ ಮೈ ಮೇಲಿನ ಲೇಪ ಹೋಗಿ ಒಳಗಿನ ಲೋಹ ಕಾಣುತ್ತಿತ್ತು. ಇಂಜಿನ್ನಿನ ಎಳೆತ ಸ್ಲೈಡನ್ನು ಸದಾ ಆ ಕಡೆಗೇ ಒತ್ತುವುದರಿಂದ ಸವೆತವೂ ಅಲ್ಲಿಯೇ ಮೊದಲು. ಇಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಸವೆದದ್ದು ಸ್ಲೈಡೋ, ಬಾಡಿಯೋ? ಸ್ಲೈಡ್ ಬಿಡಿಯಾಗಿ ಸಿಗುತ್ತದೆ. ಬಾಡಿ ಬಿಡಿಯಾಗಿ ಸಿಗುವುದಿಲ್ಲ, ಏಕೆಂದರೆ ಬಾಡಿಯೇ ಕಾರ್ಬುರೇಟರ್.

ಅಂಗಡಿಯಿಂದ ಒಂದು ಹೊಸ ಅಸಲಿ ಸ್ಲೈಡನ್ನೂ ಒಂದು ಹೊಸ ಕಾರ್ಬುರೇಟರನ್ನೂ ನೋಡಿ ಕೊಡುತ್ತೇನೆಂಬ ಮಾತಿನ ಮೇಲೆ ತರಿಸಿದೆ. ಹೊಸ ಸ್ಲೈಡ್ ಹೊಸ ಬಾಡಿಯಲ್ಲಿದ್ದಾಗ ಸಂದಿ ಅಳೆಯುವ ಫೀಲರ್ ಗೇಜಿನ 0.10 ಮಿಲಿಮೀಟರಿನ ಎಲೆ ಪಕ್ಕದಲ್ಲಿ ನುಸುಳಲಿಲ್ಲ. ಅದೇ ಹೊಸ ಸ್ಲೈಡನ್ನು ಹಳೆಯ ಬಾಡಿಯಲ್ಲಿ ಇಳಿಸಿದಾಗ ಐಡ್ಲಿಂಗಿನ ಮಟ್ಟದಲ್ಲಿ 0.20ರ ಎಲೆ ಅಡ್ಡಿಯಿಲ್ಲದೆ ಹೋಯಿತು. ಅಷ್ಟೇ ಅಲ್ಲ, ಸ್ಲೈಡನ್ನು ಮೇಲಕ್ಕೆತ್ತಿ ನೋಡಿದರೆ ಆಟ ಕಡಿಮೆ, ಕೆಳಗೆ ಇಳಿಸಿದರೆ ಹೆಚ್ಚು. ಸ್ಲೈಡ್ ಹೆಚ್ಚು ಹೊತ್ತು ಓಡಾಡುವ ಜಾಗದಲ್ಲಿ ಬಾಡಿಯ ಗೋಡೆ ಒಳಗೊಳಗೆ ಹೊಟ್ಟೆ ಬಿಟ್ಟಿತ್ತು. ಅಂಥ ಬಾಡಿಯಲ್ಲಿ ಸ್ಲೈಡ್ ಒಮ್ಮೆ ಕೂತ ಹಾಗೆ ಇನ್ನೊಮ್ಮೆ ಕೂಡುವುದಿಲ್ಲ, ಅದರ ಪಕ್ಕದಿಂದ ನುಸುಳುವ ಗಾಳಿಯೂ ಪ್ರತಿ ಸಲ ಬೇರೆ ಬೇರೆ. ಸಾಬೂನು ನೀರಿಗೆ ಸಿಗದೆ ಉಳಿದ ಅರ್ಧ ಗಾಳಿ ಇದೇ.

ಈಗ ಸರಣಿ ಪೂರ್ತಿಯಾಯಿತು. ಫಿಲ್ಟರ್ ಇಲ್ಲದ್ದರಿಂದ ಧೂಳು, ಧೂಳಿನಿಂದ ಬಾಡಿಯ ಸವೆತ, ಸವೆತದಿಂದ ಸ್ಲೈಡಿನ ನಡುಕ, ನಡುಕದಿಂದ ನೀಡಲಿನ ಉಜ್ಜಾಟ, ಅದರಿಂದ ಹಿಗ್ಗಿದ ಜೆಟ್ಟು, ಜೆಟ್ಟಿನಿಂದ ಕಪ್ಪು ಪ್ಲಗ್ಗು. ಎರಡೂ ಸಲ ಕಿಟ್ಟು ಸರಣಿಯ ಕೊನೆಯ ಕೊಂಡಿಯನ್ನು ಬದಲಿಸಿತ್ತು. ಮೊದಲ ಕೊಂಡಿಗಳು ಹಾಗೆಯೇ ಇದ್ದವು.

ಯಾವ ದಾರಿ

ನಾನು ಕೆಲಸ ಕಲಿತದ್ದು ಹುಬ್ಬಳ್ಳಿಯಲ್ಲಿ, ಹಳೆಯ ಕಾಲದ ಉಸ್ತಾದರೊಬ್ಬರ ಕೈಯಲ್ಲಿ. ಹಳೆಯ ಪಾರ್ಟು ಏಕೆ ಕೆಟ್ಟಿತು ಎಂದು ಹೇಳುವವರೆಗೆ ಅವರು ಹೊಸದರ ಡಬ್ಬಿ ಒಡೆಯಲು ಬಿಡುತ್ತಿರಲಿಲ್ಲ. ಅದೇ ಅಭ್ಯಾಸ ನನ್ನಲ್ಲಿ ಉಳಿದಿದೆ. ರಿಪೇರಿ ಆಗುವ ವಸ್ತುವನ್ನು ಬದಲಿಸುವುದು ನನಗೆ ಒಗ್ಗುವುದಿಲ್ಲ. ಆದ್ದರಿಂದ ಈ ಬಾಡಿಯನ್ನು ಉಳಿಸಿಕೊಳ್ಳುವ ದಾರಿಗಳನ್ನು ಮೊದಲು ನೋಡಿದೆ.

ಲೆಕ್ಕ ಹೀಗಿತ್ತು. ಒಳ್ಳೆಯ ಕಿಟ್ಟಿಗೆ 480 ರೂಪಾಯಿ, ನೀಡಲ್ ಮತ್ತು ಜೆಟ್ಟಿನ ಅಸಲಿ ಜೋಡಿಗೆ 390, ಸ್ಲೈಡಿಗೆ 450, ತೊಳೆದು ಫ್ಲಾಂಜ್ ತಿಕ್ಕಿ ಕೂಡಿಸುವ ಮಜೂರಿ 400, ಒಟ್ಟು 1,720. ಹೊಸ ಅಸಲಿ ಕಾರ್ಬುರೇಟರಿಗೆ ಆ ದಿನ ಅಂಗಡಿಯವರು ಹೇಳಿದ ಬೆಲೆ 3,600. ಬರೀ ಈ ಎರಡು ಅಂಕಿಗಳನ್ನು ಎದುರುಬದುರು ಇಟ್ಟರೆ ರಿಪೇರಿಯೇ ಅಗ್ಗ ಎಂದು ಯಾರಾದರೂ ಹೇಳುತ್ತಾರೆ. ಗೌಡರು ಹಿಂದಿನ ಎರಡು ಸಲ ಇದೇ ಲೆಕ್ಕ ಹಾಕಿ ಒಟ್ಟು ಸುಮಾರು 1,500 ರೂಪಾಯಿ ಕಳೆದಿದ್ದರು. ಕಿಟ್ಟಿನ ಬೆಲೆಯನ್ನು ಹೊಸದರ ಬೆಲೆಯೊಂದಿಗೆ ಹೋಲಿಸುವ ಮುನ್ನ, ಸವೆದ ವಸ್ತು ಆ ಕಿಟ್ಟಿನ ಪೊಟ್ಟಣದಲ್ಲಿ ಇದೆಯೇ ಎಂದು ನೋಡಬೇಕು. ಇದ್ದರೆ ಹೊಸ ಕಾರ್ಬುರೇಟರ್ ದುಂದು. ಇಲ್ಲದಿದ್ದರೆ ಕಿಟ್ಟು ಎಷ್ಟು ಅಗ್ಗವಾದರೂ ದುಂದೇ.

ಆದರೂ ಕಣ್ಣಾರೆ ನೋಡೋಣವೆಂದು, ಹೊಸ ಸ್ಲೈಡ್ ಮತ್ತು ಹೊಸ ನೀಡಲ್ ಜೋಡಿಯನ್ನು ಹಳೆಯ ಬಾಡಿಗೆ ಹಾಕಿ, ಫ್ಲಾಂಜ್ ಮಟ್ಟ ಮಾಡಿ, ಮುಳಗುಂದದ ರಸ್ತೆಯಲ್ಲಿ ಓಡಿಸಿದೆ. ನಡುವಿನ ವೇಗದಲ್ಲಿ ಗಾಡಿ ಬಹಳ ಚೆನ್ನಾಗಿ ಓಡಿತು, ಅದನ್ನು ಒಪ್ಪಿಕೊಳ್ಳಲೇಬೇಕು. ಹಿಂದಿನ ಮಿಸ್ತ್ರಿಗಳೂ ಇಷ್ಟನ್ನೇ ನೋಡಿ ಸಮಾಧಾನಪಟ್ಟಿರಬೇಕು. ವಾಪಸ್ಸು ಬಂದು ಕಾದ ಇಂಜಿನ್ನನ್ನು ಐಡ್ಲಿಂಗಿನಲ್ಲಿ ಬಿಟ್ಟಾಗ, ಹತ್ತು ನಿಮಿಷದಲ್ಲಿ ಎರಡು ಸಲ ತಾನೇ ಏರಿತು, ಒಮ್ಮೆ ನಿಂತಿತು. ಎಕ್ಸಿಲೇಟರನ್ನು ತಿರುವಿ ಬಿಟ್ಟ ಪ್ರತಿ ಸಲವೂ ಐಡ್ಲಿಂಗ್ ಬೇರೆ ಮಟ್ಟಕ್ಕೆ ಬಂದು ಕೂಡುತ್ತಿತ್ತು.

ಲೇಥಿನ ದಾರಿಯೊಂದು ಉಳಿದಿತ್ತು. ಬಾಡಿಯ ಗೋಡೆಯನ್ನು ಕೊರೆದು, ತೆಳುವಾದ ಸ್ಲೀವ್ ಕೂಡಿಸಿ, ಹೊಸ ಸ್ಲೈಡಿನ ಅಳತೆಗೆ ತರುವುದು. ಬೆಟಗೇರಿಯ ಕಡೆ ಲೇಥ್ ಇಟ್ಟುಕೊಂಡ, ನನಗಿಂತ ಹಿರಿಯರಾದ ಕೆಲಸಗಾರರೊಬ್ಬರಿಗೆ ಬಾಡಿ ತೋರಿಸಿದೆ. ಅವರು ಅದನ್ನು ಅಂಗೈಯಲ್ಲಿ ತಿರುಗಿಸಿ ನೋಡಿ, "ಮಾಡಬಹುದಪಾ. ಆದ್ರ ಪೈಲಟ್ಟಿನ ಸಣ್ಣ ತೂತು ಇದ ಗ್ವಾಡಿಗೆ ಬಂದಾವು, ಅವು ಮುಚ್ಚಿದ್ವು ಅಂದ್ರ ಮತ್ತ ಕೊರಿಬೇಕು. ಹೊಸಾದು ಸಿಗತಿರಬೇಕಾದ್ರ ಯಾಕ ಮಾಡ್ತಿ?" ಎಂದರು. ಅವರ ಮಾತು ಸರಿ. ಯಮಹಾ ಆರ್‌ಎಕ್ಸ್100 ತಯಾರಾಗುವುದು 1996ರಲ್ಲೇ ನಿಂತಿದೆ. ಅಂಥ ಗಾಡಿಯ ಅಸಲಿ ಕಾರ್ಬುರೇಟರ್ ಸವೆದು ಬಂದಾಗ ಸ್ಲೀವಿನ ಖರ್ಚು, ಶ್ರಮ ಎರಡಕ್ಕೂ ಅರ್ಥವಿದೆ. ವಿಎಂ24 ಇನ್ನೂ ಅಂಗಡಿಯಲ್ಲಿ ಸಿಗುತ್ತಿರುವಾಗ ಇಲ್ಲ.

ನಡುವೆ ಗೌಡರ ಅಳಿಯ ಹುಬ್ಬಳ್ಳಿಯಿಂದ 1,100 ರೂಪಾಯಿಗೆ ಒಂದು ಕಾರ್ಬುರೇಟರ್ ತಂದುಕೊಟ್ಟರು. ನೋಡಲು ಥೇಟ್ ಅಸಲಿಯಂತೆಯೇ, ಅಸಲಿಗಿಂತ ಹೆಚ್ಚು ಹೊಳಪು. ಅದನ್ನು ಒಮ್ಮೆಲೇ ತಳ್ಳಿಹಾಕುವುದು ನ್ಯಾಯವಲ್ಲವೆಂದು, ಅದರ ಮೇನ್ ಜೆಟ್ಟನ್ನೂ ಅದೇ ನಂಬರಿನ ಅಸಲಿ ಜೆಟ್ಟನ್ನೂ ಪಕ್ಕಪಕ್ಕ ಪರೀಕ್ಷಿಸಿದೆ. ದೊಡ್ಡ ಸಿರಿಂಜಿನ ಬಾಯಿಗೆ ರಬ್ಬರ್ ನಳಿಗೆಯ ತುಂಡು ಹಾಕಿ, ಅದರ ತುದಿಗೆ ಜೆಟ್ ಸಿಗಿಸಿ, ಗ್ಯಾರೇಜಿನ ಹೊರಗೆ, ಬೆಂಕಿಯಿಂದ ದೂರ, ಅದೇ ಎರಡು ಗುರುತುಗಳ ನಡುವಿನ 20 ಮಿಲಿಲೀಟರ್ ಪೆಟ್ರೋಲ್ ಇಳಿಯಲು ಎಷ್ಟು ಹೊತ್ತು ಬೇಕೆಂದು ನೋಡಿದೆ. ಅಸಲಿ ಜೆಟ್ಟಿಗೆ 34 ಸೆಕೆಂಡ್ ಹಿಡಿಯಿತು, ಅಗ್ಗದ್ದಕ್ಕೆ 28. ಮೂರು ಸಲ ಮಾಡಿದರೂ ಅಷ್ಟೇ. ಮೈ ಮೇಲೆ ಒಂದೇ ನಂಬರ್ ಹೊಡೆದಿದ್ದರೂ ಒಳಗಿನ ರಂಧ್ರ ದೊಡ್ಡದು. ನೀಡಲಿನ ಮೇಲೆ ನಂಬರೇ ಇರಲಿಲ್ಲ. ಜೆಟ್ಟುಗಳನ್ನೆಲ್ಲ ಅಸಲಿಗೆ ಬದಲಿಸಿ ಇದನ್ನು ಸರಿಮಾಡಬಹುದೇ ಎಂದು ಅಳಿಯ ಕೇಳಿದರು. ಮಾಡಬಹುದು, ಆದರೆ ಅಷ್ಟೂ ಬದಲಿಸುವ ಹೊತ್ತಿಗೆ ಬೆಲೆ ಅಸಲಿಯ ಹತ್ತಿರಕ್ಕೆ ಬರುತ್ತದೆ, ಬಾಡಿ ಮಾತ್ರ ಅಗ್ಗದ್ದೇ ಉಳಿಯುತ್ತದೆ. ಅದನ್ನು ಅವರು ಅಂಗಡಿಗೆ ಹಿಂದಿರುಗಿಸಿದರು.

ಕೊನೆಯ ತೀರ್ಮಾನದಲ್ಲಿ ಗಾಡಿಯ ಬಳಕೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡೆ. ಅದೇ ತಿಂಗಳು ಲಕ್ಷ್ಮೇಶ್ವರದಿಂದ ಬಂದಿದ್ದ ಇನ್ನೊಂದು ಬುಲೆಟ್ಟಿನಲ್ಲಿ ಸ್ಲೈಡಿನ ಆಟ ಸ್ವಲ್ಪ ಇದ್ದರೂ, ಹೊಸ ಸ್ಲೈಡ್ ಹಾಕಿದಾಗ ಅದು ಬಹುತೇಕ ಹೋಯಿತು. ಆ ಗಾಡಿಗೆ ರಿಪೇರಿ ಸಾಕಾಯಿತು. ಗೌಡರ ಗಾಡಿ ಹೊಲದ ಬದುವಿನಲ್ಲಿ ನಡಿಗೆಯ ವೇಗದಲ್ಲಿ ಸಾಗಬೇಕು, ಗೇಟು ತೆರೆಯಲು ಇಳಿದಾಗ ಬಂದ್ ಬೀಳದೆ ನಿಂತಿರಬೇಕು, ದಿನಕ್ಕೆ ಹತ್ತು ಸಲ ಕಿಕ್ಕಿಗೆ ಚಾಲೂ ಆಗಬೇಕು. ಅವರಿಗೆ ಬೇಕಾದದ್ದು ಐಡ್ಲಿಂಗೇ, ಹೋಗಿದ್ದೂ ಅದೇ. ಇಂಜಿನ್ ಗಾಳಿ ಸೇರಿಸಿಕೊಂಡು ಓಡುವಾಗ ಕಿಕ್ಕು ತಿರುಗಿ ಹೊಡೆಯುವ ಅಪಾಯವೂ ಹೆಚ್ಚು, ಮತ್ತು ಬುಲೆಟ್ಟಿನ ಕಿಕ್ಕು ಹೊಡೆದರೆ ಮೊಣಕಾಲಿಗೆ ಎಂಥ ಪೆಟ್ಟಾಗುತ್ತದೆಂದು ಈ ಭಾಗದ ಹಿರಿಯರಿಗೆ ಹೇಳಬೇಕಾಗಿಲ್ಲ. ಹೊಸ ಅಸಲಿ ಕಾರ್ಬುರೇಟರನ್ನೇ ಹಾಕುವುದೆಂದು ನಿರ್ಧರಿಸಿದೆ. ಗೌಡರು ಮೊದಲ ದಿನ ಕೇಳಿದ್ದೂ ಇದನ್ನೇ. ನಡುವಿನ ಎರಡು ದಿನಗಳಲ್ಲಿ ತಿಳಿದದ್ದು, ಅದರ ಜೊತೆಗೆ ಇನ್ನೇನೇನು ಮಾಡಬೇಕು ಎಂಬುದು.

ಹೊಸದನ್ನು ಕೂಡಿಸಿದ ಬಗೆ

ಡಬ್ಬಿಯಿಂದ ತೆಗೆದು ನೇರವಾಗಿ ಗಾಡಿಗೆ ಹಾಕುವ ವಸ್ತುವಲ್ಲ ಅದು. ಮೊದಲು ಟಾಂಕಿಯನ್ನು ಇಳಿಸಿ, ಒಳಗೆ ಸಣ್ಣ ನಟ್ಟುಗಳನ್ನೂ ಸ್ವಲ್ಪ ಡೀಸೆಲ್ಲನ್ನೂ ಹಾಕಿ ಅಲುಗಾಡಿಸಿ ತುಕ್ಕು ಬಿಡಿಸಿದೆ. ಎರಡು ಸಲ ಪೆಟ್ರೋಲಿನಿಂದ ತೊಳೆದು, ಕಾಕಿಗೆ ಹೊಸ ಜಾಳಿಗೆ ಹಾಕಿದೆ. ಏರ್ ಫಿಲ್ಟರಿಗೆ ಹೊಸ ಎಲಿಮೆಂಟ್, ಹೊಸ ರಬ್ಬರ್ ಹೋಸ್, ಎರಡೂ ತುದಿಗೆ ಕ್ಲಿಪ್. ಈ ಕೆಲಸಗಳ ಖರ್ಚು 640 ರೂಪಾಯಿ. ನನ್ನ ಅಭಿಪ್ರಾಯದಲ್ಲಿ ಇಡೀ ಪ್ರಕರಣದಲ್ಲಿ ಅತ್ಯಂತ ಸಾರ್ಥಕವಾಗಿ ಖರ್ಚಾದ ಹಣ ಅದೇ.

ಕಾರ್ಬುರೇಟರಿನ ಬಟ್ಟಲು ಬಿಚ್ಚಿ ಜೆಟ್ಟುಗಳ ನಂಬರನ್ನು ಹಳೆಯದರ ಜೊತೆ ತಾಳೆ ನೋಡಿದೆ. ಪಾರದರ್ಶಕ ನಳಿಗೆಯನ್ನು ಬಟ್ಟಲಿನ ಕೆಳಗೆ ಸಿಗಿಸಿ ಮೇಲಕ್ಕೆ ಬಾಗಿಸಿ ಹಿಡಿದು, ಒಳಗೆ ಪೆಟ್ರೋಲ್ ಯಾವ ಮಟ್ಟದಲ್ಲಿ ನಿಲ್ಲುತ್ತದೆಂದು ನೋಡಿದೆ, ಸರಿಯಾಗಿತ್ತು. ಹೆಡ್ ಮತ್ತು ಕಾರ್ಬುರೇಟರ್ ನಡುವೆ ಬರುವ ಶಾಖ ತಡೆಯುವ ತುಂಡನ್ನು ಗಾಜಿನ ಮೇಲೆ ಮಟ್ಟ ಮಾಡಿ, ಹೊಸ ಓ-ರಿಂಗ್ ಕೂಡಿಸಿ, ಎರಡೂ ನಟ್ಟುಗಳನ್ನು ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿದೆ. ನನ್ನ ಹತ್ತಿರ ಕಲಿಯುವ ಹುಡುಗ ಇನ್ನೊಂದು ಸುತ್ತು ಬಿಗಿಯಲು ಸ್ಪ್ಯಾನರ್ ಹಾಕಿದ. ತಡೆದು, ಹಳೆಯ ಬಾಡಿಯ ಬಾಗಿದ ಫ್ಲಾಂಜನ್ನು ಸ್ಕೇಲಿನ ಕೆಳಗೆ ಅವನ ಕೈಗೇ ಕೊಟ್ಟು ತೋರಿಸಿದೆ. 2020ರ ಏಪ್ರಿಲ್ 1ರಿಂದ ಬಿಎಸ್6 ಹೊಗೆ ನಿಯಮ ಬಂದ ಮೇಲೆ ಬಹುತೇಕ ಹೊಸ ಮೋಟಾರ್‌ಸೈಕಲ್‌ಗಳಲ್ಲಿ ಕಾರ್ಬುರೇಟರಿನ ಬದಲು ಫ್ಯುಯೆಲ್ ಇಂಜೆಕ್ಷನ್ ಇರುವುದರಿಂದ, ಈಗ ಕಲಿಯುವ ಹುಡುಗರ ಕೈಗೆ ಇಂಥ ಬಾಡಿ ಸಿಗುವುದೇ ಅಪರೂಪವಾಗುತ್ತಿದೆ. ಸಿಕ್ಕಾಗ ಸಾವಕಾಶವಾಗಿ ತೋರಿಸಬೇಕು.

ಏರ್ ಸ್ಕ್ರೂವನ್ನು ಒಂದೂವರೆ ಸುತ್ತು ಹೊರಗೆ ಇಟ್ಟು ಶುರುಮಾಡಿ, ಕಾದ ಇಂಜಿನ್ನಿನಲ್ಲಿ ಕಾಲು ಸುತ್ತು ಅತ್ತ ಇತ್ತ ಮಾಡಿ ಹದಕ್ಕೆ ತಂದೆ. ನಡುವಿನ ವೇಗದಲ್ಲಿ ಮಾತ್ರ ಏರು ದಾರಿಯಲ್ಲಿ ಗಾಡಿ ಸ್ವಲ್ಪ ಎಳೆಯಲು ಹಿಂದೆಗೆಯುತ್ತಿತ್ತು, ಪ್ಲಗ್ ಬಿಳಿಚಿಕೊಂಡಿತ್ತು. ಇದು ಹೊಸದರ ದೋಷವಲ್ಲ. ಒಂದು ಗ್ರಾಂ ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು, ಒಂದು ಗ್ರಾಂ ಎಥನಾಲಿಗೆ ಸುಮಾರು 9 ಗ್ರಾಂ ಸಾಕು. ಆದ್ದರಿಂದ ಎಥನಾಲ್ ಬೆರೆತ ಇಂಧನ ಅದೇ ಹಳೆಯ ಅಳತೆಯ ಜೆಟ್ಟಿನಿಂದ ಬಂದಾಗ ಇಂಜಿನ್ನಿಗೆ ಗಾಳಿಯ ಪಾಲು ಹೆಚ್ಚಾದಂತೆಯೇ ಆಗುತ್ತದೆ. ನೀಡಲಿನ ತಲೆಯಲ್ಲಿ ಐದು ಗೀರುಗಳಿವೆ. ನಡುವಿನದರಲ್ಲಿದ್ದ ಕ್ಲಿಪ್ಪನ್ನು ಒಂದು ಗೀರು ಕೆಳಗೆ ಇಳಿಸಿದೆ. ಕ್ಲಿಪ್ ಕೆಳಗಿಳಿದರೆ ನೀಡಲ್ ಮೇಲೇರುತ್ತದೆ, ಪೆಟ್ರೋಲ್ ಸ್ವಲ್ಪ ಹೆಚ್ಚು ಹೋಗುತ್ತದೆ. ಮರುದಿನ ಪ್ಲಗ್ ಬಿಚ್ಚಿದಾಗ ಹುರಿದ ಕಡಲೆಯ ಬಣ್ಣಕ್ಕೆ ಬಂದಿತ್ತು.

ಮೈಲೇಜನ್ನು ಎಂದಿನಂತೆ 100 ಮಿಲಿಲೀಟರ್ ಪೆಟ್ರೋಲಿನ ಬಾಟಲಿ ತೂಗುಹಾಕಿ, ಗಾಡಿ ನಿಲ್ಲುವವರೆಗೆ ಓಡಿಸಿ ಅಳೆದೆ. ಬಿಚ್ಚುವ ಮುನ್ನ 2.4 ಕಿಲೋಮೀಟರ್ ಓಡಿದ್ದ ಗಾಡಿ ಈಗ 3.3 ಓಡಿತು. ಕಾದ ಇಂಜಿನ್ ಅರ್ಧ ಗಂಟೆ ಐಡ್ಲಿಂಗಿನಲ್ಲಿ ನಿಂತಿತು, ಒಮ್ಮೆಯೂ ಏರಲಿಲ್ಲ, ಬೀಳಲಿಲ್ಲ.

ಹಳೆಯ ಕಾರ್ಬುರೇಟರನ್ನು ಎಸೆಯಲಿಲ್ಲ. ಅದರ ಫ್ಲೋಟ್, ಚೋಕಿನ ಪ್ಲಂಜರ್, ಮೇಲಿನ ಮುಚ್ಚಳ, ಬಟ್ಟಲು ಎಲ್ಲವೂ ಚೆನ್ನಾಗಿವೆ. ತೊಳೆದು ಡಬ್ಬಿಯಲ್ಲಿಟ್ಟು, ಬಾಡಿ ಸವೆದಿದೆ ಎಂದು ಬರೆದ ಚೀಟಿ ಕಟ್ಟಿ ಗೌಡರಿಗೆ ಕೊಟ್ಟೆ. ಆ ಚೀಟಿ ಮುಖ್ಯ. ಇಲ್ಲದಿದ್ದರೆ ನಾಲ್ಕು ವರ್ಷಗಳ ನಂತರ ಯಾರೋ ಅದಕ್ಕೆ ಮೂರನೆಯ ಕಿಟ್ಟು ಹಾಕುತ್ತಾರೆ.

ಮೂರು ತಿಂಗಳ ನಂತರ, ಕಡಲೆ ರಾಶಿ ಮುಗಿದ ಮೇಲೆ, ಗೌಡರು ಸರ್ವೀಸಿಗೆ ಬಂದರು. ಐಡ್ಲಿಂಗ್ ನಾನು ಬಿಟ್ಟ ಹಾಗೆಯೇ ಇತ್ತು. ಸ್ಲೈಡನ್ನು ಎತ್ತಿ ಬೆಳಕಿಗೆ ಹಿಡಿದೆ. ಇಂಜಿನ್ ಕಡೆಯ ಮೈ ಮೇಲಿನ ಲೇಪ ಹಾಗೆಯೇ ಇತ್ತು. ಫಿಲ್ಟರಿನ ಎಲಿಮೆಂಟನ್ನು ಹಳೆಯ ಪೇಪರಿನ ಮೇಲೆ ಮೆಲ್ಲಗೆ ತಟ್ಟಿದಾಗ ಒಂದು ಹಿಡಿಯಷ್ಟು ನುಣ್ಣನೆಯ ಕಪ್ಪು ಮಣ್ಣು ಉದುರಿತು. ಗೌಡರು ಅದನ್ನು ಎರಡು ಬೆರಳಿನ ನಡುವೆ ತಿಕ್ಕಿ ನೋಡಿ, "ಇಷ್ಟೂ ಒಳಗ ಹೊಕ್ಕಿತ್ತೇನ್ರಿ ಮೊದಲ?" ಎಂದು ಕೇಳಿದರು. ಹೌದೆಂದೆ. ಇನ್ನು ಮುಂದೆ ರಾಶಿ ಮುಗಿದ ಪ್ರತಿ ಸಲ ಫಿಲ್ಟರ್ ನೋಡಿಸುವುದಾಗಿ ಹೇಳಿ, ಅವರೇ ಒಂದೇ ಕಿಕ್ಕಿಗೆ ಗಾಡಿ ಚಾಲೂ ಮಾಡಿಕೊಂಡು ಡಂಬಳದ ದಾರಿ ಹಿಡಿದರು.